ಮದುವೆಗೂ ವಿಷಕ್ಕೂ ಒಂದೇ ಪದವೇ? ‘ಗಿಫ್ಟ್’ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನಾನು ಶಿವಮೊಗ್ಗದವಳು. ಮಗ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ಫೆಬ್ರವರಿಯಲ್ಲಿ ಇಲ್ಲೇ ಮದುವೆ ಆಯಿತು, ಸೊಸೆಯೂ ಅಲ್ಲಿಗೆ ಹೋದಳು. ಹೋದ ವಾರ ಮಗ ಅಲ್ಲಿನ ಸರ್ಕಾರಿ ಪತ್ರವೊಂದರ ಫೋಟೋ ಕಳಿಸಿದ. ಅದರಲ್ಲಿ ಅವನ ಹೆಸರಿನ ಕೆಳಗೆ ‘ಗಿಫ್ಟ್’ ಎಂದು ಬರೆದಿತ್ತು. ಹಾಗೆಂದರೆ ಅವರ ಭಾಷೆಯಲ್ಲಿ ‘ಮದುವೆ ಆಗಿದೆ’ ಅಂತ ಅರ್ಥವಂತೆ. ನಮಗೆಲ್ಲ ಖುಷಿಯಾಯಿತು. ಆದರೆ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿರುವ ತಂಗಿಯ ಮಗ ಅದನ್ನು ನೋಡಿ, ‘ದೊಡ್ಡಮ್ಮಾ, ಇಲ್ಲಿ ಗಿಫ್ಟ್ ಅಂದರೆ ವಿಷ. ಸ್ವೀಡನ್ನಿನಲ್ಲೂ ಆ ಅರ್ಥ ಇದೆ’ ಎಂದ. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೊಬ್ಬರು, ಹಿಂದೆ ಆ ಕಡೆ ಮದುವೆಯಲ್ಲಿ ಹುಡುಗಿಗೆ ವಿಷ ಕೊಡುತ್ತಿದ್ದರು, ಅದಕ್ಕೇ ಎರಡಕ್ಕೂ ಒಂದೇ ಪದ ಎಂದು ಬರೆದರು. ನಮ್ಮ ಅತ್ತೆಗೆ 84 ವರ್ಷ. ಅವರು ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಮದುವೆ ಪತ್ರದಲ್ಲೇ ವಿಷ ಅಂತ ಬರೆಸಿಕೊಂಡ ಹಾಗಾಯಿತಲ್ಲ ಎಂಬ ಕೊರಗು. ಇನ್ನೊಂದು ಮಾತು. ಮುಂದಿನ ತಿಂಗಳು ಮಗ ಅಲ್ಲಿನ ಸ್ನೇಹಿತರಿಗೆ ಊಟ ಹಾಕಿಸುತ್ತಿದ್ದಾನೆ. ಒಟ್ಟು 60 ಚೀಲ ಸಿದ್ಧ ಮಾಡಿದ್ದೇನೆ. ಅದರಲ್ಲಿ 20 ಚೀಲ ಸ್ಟಟ್‌ಗಾರ್ಟಿಗೆ ಹೋಗಬೇಕು. ಚಕ್ಕುಲಿ, ಕುಂಕುಮದ ಪೊಟ್ಟಣ, ಒಂದು ಪುಟ್ಟ ಗಂಧದ ಗಣಪ ಇಟ್ಟಿದ್ದೇನೆ. ಎಲ್ಲದರ ಮೇಲೂ ‘ರಿಟರ್ನ್ ಗಿಫ್ಟ್’ ಎಂಬ ಸ್ಟಿಕ್ಕರ್ ಅಂಟಿಸಿ ಆಗಿದೆ. ಕಿತ್ತು ಹಾಕಬೇಕಾ?

ಉತ್ತರ: ಮೊದಲು ಅತ್ತೆಯವರಿಗೆ ಊಟ ಮಾಡಲು ಹೇಳಿ. ಆ ಪತ್ರದಲ್ಲಿರುವ ಪದದಲ್ಲಿ ಕೆಟ್ಟದ್ದು ಏನೂ ಇಲ್ಲ. ಅವರಿಗೆ ಹೇಳಬಹುದಾದ ಒಂದು ಒಳ್ಳೆಯ ಮಾತೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಬೆಂಗಳೂರಿನಲ್ಲಿ 22 ವರ್ಷದಿಂದ ಜರ್ಮನ್ ಕಲಿಸುತ್ತಿದ್ದೇನೆ. ಜರ್ಮನ್, ಇಂಗ್ಲಿಷ್, ಡಚ್, ಸ್ವೀಡಿಷ್ ಮೊದಲಾದ ಅಕ್ಕತಂಗಿ ಭಾಷೆಗಳ ಹಳೆಯ ರೂಪಗಳೇ ನಾನು ಓದಿದ ವಿಷಯ. ಪ್ರತಿ ವರ್ಷ ಮೊದಲ ತಿಂಗಳಲ್ಲೇ ಯಾರಾದರೂ ಒಬ್ಬರು ‘ಗಿಫ್ಟ್’ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಲ್ಲರೂ ನಗುತ್ತಾ ಕೇಳುತ್ತಾರೆ. ಹೀಗೆ ಆತಂಕದಿಂದ ಕೇಳಿದವರು ನೀವೇ ಮೊದಲು. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ನಿಮ್ಮ ತಂಗಿಯ ಮಗ ಹೇಳಿದ್ದು ಸರಿ. ಜರ್ಮನ್ ಭಾಷೆಯಲ್ಲಿ ಗಿಫ್ಟ್ ಎಂದರೆ ವಿಷ. ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್ ಮೂರರಲ್ಲೂ ಗಿಫ್ಟ್ ಎಂಬ ಪದಕ್ಕೆ ‘ಮದುವೆಯಾದ’ ಎಂಬ ಅರ್ಥವೂ ಇದೆ, ‘ವಿಷ’ ಎಂಬ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಉಡುಗೊರೆ, ಅದು ನಮಗೆಲ್ಲ ಗೊತ್ತು. ಇವೆಲ್ಲ ಒಂದೇ ಬೇರಿನಿಂದ ಬಂದವು. ಅಷ್ಟರ ಮಟ್ಟಿಗೆ ಗುಂಪಿನಲ್ಲಿ ಬಂದದ್ದರಲ್ಲಿ ಸತ್ಯವಿದೆ. ಆದರೆ ಮದುವೆಯಲ್ಲಿ ವಿಷ ಕೊಡುತ್ತಿದ್ದರು ಎಂಬ ಕಥೆಗೆ ಯಾವ ಆಧಾರವೂ ಇಲ್ಲ. ಒಂದೇ ಥರ ಕೇಳುವ ಎರಡು ಪದ ಸಿಕ್ಕರೆ ನಡುವೆ ಒಂದು ಕಥೆ ಕಟ್ಟುವುದು ಸುಲಭ. ಮದುವೆಯ ಅರ್ಥ ಬಂದ ದಾರಿಯೇ ಬೇರೆ, ವಿಷದ ಅರ್ಥ ಬಂದ ದಾರಿಯೇ ಬೇರೆ.

ಬೇರಿನಿಂದಲೇ ಶುರು ಮಾಡೋಣ. ಬೇರು ತುಂಬಾ ಸರಳ: ‘ಕೊಡು’. ಇಂಗ್ಲಿಷಿನ ಗಿವ್, ಜರ್ಮನ್ನಿನ ಗೇಬೆನ್, ಸ್ವೀಡಿಷ್‌ನ ಯೇ ಎಲ್ಲವೂ ಆ ಕೊಡುವಿಕೆಯೇ. ಆ ಕ್ರಿಯಾಪದದ ಕೊನೆಗೆ ಒಂದು ‘ತ’ಕಾರ ಸೇರಿಸಿದರೆ ಹೆಸರುಪದ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಡ್ರೈವ್‌ನಿಂದ ಡ್ರಿಫ್ಟ್, ಥ್ರೈವ್‌ನಿಂದ ಥ್ರಿಫ್ಟ್ ಆದದ್ದು ಹೀಗೇ. ಗಿವ್‌ನಿಂದ ಗಿಫ್ಟ್. ನಮ್ಮಲ್ಲಿ ಉಡುವುದರಿಂದ ಉಡುಗೆ, ತೊಡುವುದರಿಂದ ತೊಡುಗೆ, ಕೊಡುವುದರಿಂದ ಕೊಡುಗೆ ಆಗಲಿಲ್ಲವೇ? ಹಾಗೆ. ಗಿಫ್ಟ್ ಎಂದರೆ ಮೂಲದಲ್ಲಿ ಕೊಡುಗೆ, ಅಷ್ಟೇ. ಏನನ್ನು ಕೊಡುವುದು ಎಂಬುದು ಆ ಪದದ ಒಳಗೆ ಇರಲಿಲ್ಲ. ಒಬ್ಬೊಬ್ಬರು ಒಂದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದರು. ಅರ್ಥ ಕವಲೊಡೆಯಿತು.

ಮದುವೆಯ ಕವಲು ನಿಮಗೆ ತುಂಬಾ ಪರಿಚಿತ. ನಿಮ್ಮನ್ನು ಯಾರಾದರೂ ‘ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?’ ಎಂದು ಕೇಳಿದರೆ ‘ತೀರ್ಥಹಳ್ಳಿಗೆ ಕೊಟ್ಟಿದ್ದೇವೆ’ ಎನ್ನುತ್ತೀರಿ. ಮದುವೆ ಎಂಬ ಮಾತು ಆ ಪ್ರಶ್ನೆಯಲ್ಲೂ ಇಲ್ಲ, ಉತ್ತರದಲ್ಲೂ ಇಲ್ಲ. ಆದರೂ ಎಲ್ಲರಿಗೂ ಅರ್ಥವಾಗುತ್ತದೆ. ಸ್ವೀಡಿಷ್‌ನ ‘ಗಿಫ್ಟ್’ ಸರಿಯಾಗಿ ಈ ಮಾತೇ. ಗಿಫ್ಟಾ ಎಂದರೆ ಹೆಣ್ಣನ್ನು ಮದುವೆ ಮಾಡಿಕೊಡುವುದು. ಗಿಫ್ಟ್ ಎಂದರೆ ‘ಹಾಗೆ ಕೊಟ್ಟ ಹೆಣ್ಣು’, ಅಂದರೆ ಮದುವೆಯಾದವಳು. ನಾವು ಕನ್ಯಾದಾನ ಎನ್ನುತ್ತೇವೆ, ಅವರು ಗಿಫ್ಟ್ ಎಂದರು.

ಹುಡುಗನಿಗೆ ಆಗ ಬೇರೆ ಪದ ಇತ್ತು. ಐಸ್‌ಲ್ಯಾಂಡಿನ ಭಾಷೆಯಲ್ಲಿ ಇವತ್ತಿಗೂ ಮದುವೆಯಾದ ಗಂಡಸಿಗೆ ‘ಕ್ವೈಂತುರ್’ ಎಂಬ ಪದ ಉಳಿದಿದೆ. ‘ಹೆಂಡತಿ ಉಳ್ಳವನು’ ಎಂದರ್ಥ. ನಮ್ಮಲ್ಲೂ ಹೆಣ್ಣು ಕೊಡೋದು ಒಂದು ಮನೆಯವರು, ಹೆಣ್ಣು ತರೋದು ಇನ್ನೊಂದು ಮನೆಯವರು ಅಲ್ವಾ? ಕಾಲಕ್ರಮದಲ್ಲಿ ಸ್ವೀಡನ್ನಿನಲ್ಲಿ ಈ ಭೇದ ಹೋಯಿತು. ಈಗ ಗಂಡು ಹೆಣ್ಣು ಇಬ್ಬರಿಗೂ ಗಿಫ್ಟ್ ಎಂದೇ ಬರೆಯುತ್ತಾರೆ. ‘ಮದುವೆ ಆಗು’ ಎನ್ನಲು ಗಿಫ್ಟಾ ಸೇಯ್ ಎನ್ನುತ್ತಾರೆ. ಪದ ಪದಕ್ಕೆ ಹೇಳಿದರೆ ‘ತನ್ನನ್ನು ತಾನು ಕೊಟ್ಟುಕೊಳ್ಳುವುದು’. ಅಪ್ಪ ಕೊಡುವ ಮಾತು ಹೋಗಿ ತಾನೇ ಕೊಟ್ಟುಕೊಳ್ಳುವ ಮಾತು ಬಂತು. ಈ ಬದಲಾವಣೆ ನನಗೆ ತುಂಬಾ ಇಷ್ಟ.

ಈ ಅರ್ಥ ಎಷ್ಟು ಹಳೆಯದು ಗೊತ್ತೇ? ಉಲ್ಫಿಲಾ ಎಂಬ ಪಾದ್ರಿ 4ನೇ ಶತಮಾನದಲ್ಲಿ ಬೈಬಲನ್ನು ಗಾಥಿಕ್ ಭಾಷೆಗೆ ತಂದ. ಈ ಗುಂಪಿನ ಭಾಷೆಗಳಲ್ಲಿ ನಮಗೆ ಸಿಕ್ಕಿರುವ ಮೊದಲ ದೊಡ್ಡ ಬರಹ ಅದು. ಅದರಲ್ಲಿ ಮರಿಯಳನ್ನು ಜೋಸೆಫನಿಗೆ ನಿಶ್ಚಯ ಮಾಡಿದ್ದರು ಎಂದು ಹೇಳುವ ಜಾಗದಲ್ಲಿ ‘ಫ್ರಾಗಿಫ್ಟ್ಸ್’ ಎಂಬ ಪದದ ರೂಪ ಇದೆ. ಅದರೊಳಗೆ ಗಿಫ್ಟ್ ಇರುವುದು ಕಾಣುತ್ತದಲ್ಲ? ಆ ಬೈಬಲ್‌ನ ಹೆಸರುವಾಸಿ ಪ್ರತಿಯನ್ನು 6ನೇ ಶತಮಾನದಲ್ಲಿ ನೇರಳೆ ಬಣ್ಣದ ಚರ್ಮದ ಹಾಳೆಯ ಮೇಲೆ ಬೆಳ್ಳಿ ಬಂಗಾರದ ಶಾಯಿಯಲ್ಲಿ ಬರೆದರು. ಅದು ಈಗ ಇರುವುದು ನಿಮ್ಮ ಮಗ ಇರುವ ದೇಶದಲ್ಲೇ, ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಮಗ ಸೊಸೆ ರಜೆಯಲ್ಲಿ ಆ ಕಡೆ ಹೋದರೆ ನೋಡಿಕೊಂಡು ಬರಲಿ.

ಹಳೆಯ ಇಂಗ್ಲಿಷಿನಲ್ಲೂ ಮದುವೆಯ ಅರ್ಥ ಇತ್ತು. ಅಲ್ಲಿ ಗಿಫ್ಟ್ ಎಂದರೆ ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ಹಣ. ನಮ್ಮ ‘ತೆರ’ ಇದೆಯಲ್ಲ, ಅದೇ. ಹೆಣ್ಣಿಗೆ ತೆರ ಕೊಟ್ಟು ಮದುವೆಯಾಗುವ ಪದ್ಧತಿ ನಮ್ಮ ಎಷ್ಟೋ ಸಮುದಾಯಗಳಲ್ಲಿ ಇತ್ತು. ಅದೇ ಪದದ ಬಹುವಚನಕ್ಕೆ ಹಳೆಯ ಇಂಗ್ಲಿಷಿನಲ್ಲಿ ಮದುವೆ ಎಂದೇ ಅರ್ಥ. ಜರ್ಮನ್ನಿನಲ್ಲಿ ಈ ಕವಲು ಒಂದೇ ಒಂದು ಪದದಲ್ಲಿ ಉಳಿದಿದೆ: ಮಿಟ್‌ಗಿಫ್ಟ್. ‘ಮಿಟ್’ ಎಂದರೆ ಜೊತೆಗೆ. ಮಗಳ ಜೊತೆಗೆ ತವರಿನವರು ಕೊಟ್ಟು ಕಳಿಸುವುದು, ನಮ್ಮ ಹಳಬರು ಬಳುವಳಿ ಎನ್ನುತ್ತಿದ್ದದ್ದು. ವಿಷ ಎಂಬ ಅರ್ಥದ ಗಿಫ್ಟ್ ಜರ್ಮನ್ನಿನಲ್ಲಿ ನಪುಂಸಕಲಿಂಗ. ಆದರೆ ಮಿಟ್‌ಗಿಫ್ಟ್ ಇನ್ನೂ ಸ್ತ್ರೀಲಿಂಗ. ‘ಕೊಡುಗೆ’ ಎಂಬ ಹಳೆಯ ಪದ ಸ್ತ್ರೀಲಿಂಗವಾಗಿತ್ತು, ಆ ಗುರುತು ಹಾಗೇ ಉಳಿದಿದೆ. ನನ್ನ ವಿದ್ಯಾರ್ಥಿಗಳಿಗೆ ಲಿಂಗ ನೆನಪಿಟ್ಟುಕೊಳ್ಳುವುದು ಕಷ್ಟ. ಈ ಒಂದು ಜೋಡಿ ಮಾತ್ರ ಯಾರೂ ಮರೆಯುವುದಿಲ್ಲ.

ತೆರ ಎಂದೆನಲ್ಲ, ಇನ್ನೊಂದು ಸಂಗತಿ ಹೇಳಲೇಬೇಕು. ತೆರು ಎಂದರೆ ಹಣ ಕೊಡು. ಅದರಿಂದ ಮದುವೆಯ ತೆರವೂ ಬಂತು, ಸರ್ಕಾರಕ್ಕೆ ಕಟ್ಟುವ ತೆರಿಗೆಯೂ ಬಂತು. ಸ್ವೀಡಿಷ್‌ನಲ್ಲೂ ಹಾಗೇ ಆಗಿದೆ. ಅವ್‌ಗಿಫ್ಟ್ ಎಂದರೆ ಶುಲ್ಕ. ಊಟ್‌ಗಿಫ್ಟ್ ಎಂದರೆ ಖರ್ಚು. ಉಪ್‌ಗಿಫ್ಟ್ ಎಂದರೆ ವಹಿಸಿಕೊಟ್ಟ ಕೆಲಸ. ಇವುಗಳಲ್ಲಿ ಎಲ್ಲೂ ವಿಷವಿಲ್ಲ, ಬರೀ ಕೊಡುವುದು ಇದೆ. ಮಗನಿಗೆ ಬ್ಯಾಂಕಿನಿಂದ ಬರುವ ಕಾಗದದಲ್ಲಿ ಅವ್‌ಗಿಫ್ಟ್ ಎಂದು ಇದ್ದರೆ ಅದರ ಫೋಟೋ ನೋಡಿ ಮತ್ತೆ ಯಾರೂ ಹೆದರುವುದು ಬೇಡ.

ಈಗ ವಿಷಕ್ಕೆ ಬರೋಣ. ಕೊಡುಗೆ ಎಂಬ ಒಳ್ಳೆಯ ಪದ ವಿಷ ಆದದ್ದು ಹೇಗೆ?

ಇದಕ್ಕೆ ಉತ್ತರ ನಿಮ್ಮ ಊರಿನ ತೋಟದಲ್ಲೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದ ಹಾಗೆ ಏನು ಮಾಡುತ್ತೀರಿ? ‘ಮದ್ದು ಹೊಡೆಸುತ್ತೇವೆ.’ ಆ ಮದ್ದಿನಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ. ಯಾರಾದರೂ ಕುಡಿದರೆ ಅದು ವಿಷವೇ. ಬಯಲುಸೀಮೆಯಲ್ಲಿ ಹತ್ತಿಗೆ ಹೊಡೆಯುವ ಕೀಟನಾಶಕವನ್ನು ರೈತರು ‘ಔಷಧಿ’ ಎನ್ನುತ್ತಾರೆ. ಅಂಗಡಿಯಲ್ಲಿ ಕೇಳುವುದೂ ಔಷಧಿ ಅಂತಲೇ. ಯಾರಾದರೂ ಅದನ್ನು ಕುಡಿದು ಜೀವ ಕಳೆದುಕೊಂಡರೆ, ಹೇಳಲು ನಾಲಿಗೆ ಏಳದೆ, ‘ಔಷಧಿ ಕುಡಿದರಂತೆ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮಲೆನಾಡಿನಲ್ಲಿ ‘ಅವರಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಅಲ್ಲಿ ಮದ್ದು ಎಂದರೆ ವಾಸಿ ಮಾಡುವ ಮದ್ದು ಅಲ್ಲ.

ಕೆಟ್ಟದ್ದರ ಹೆಸರು ಬಾಯಲ್ಲಿ ಹೇಳಬಾರದು ಎಂಬ ಭಾವನೆ ಎಲ್ಲ ಕಡೆಯ ಜನರಲ್ಲೂ ಇದೆ. ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ, ಹುಳ ಎನ್ನುತ್ತೇವೆ. ಸಿಡುಬಿಗೆ ಅಮ್ಮ ಎಂದೆವು. ಜರ್ಮನರು ಮಾಡಿದ್ದೂ ಇದನ್ನೇ. ವಿಷ ಎನ್ನುವ ಬದಲು ‘ಕೊಟ್ಟದ್ದು’ ಎಂದರು. ‘ಅವನಿಗೆ ಏನೋ ಕೊಟ್ಟಿದ್ದಾರೆ’ ಎಂದು ನಾವು ಹೇಳಿದರೂ ಕೇಳಿದವರಿಗೆ ಅರ್ಥವಾಗುತ್ತದೆ ತಾನೇ?

ಅವರಿಗೆ ಇದಕ್ಕೆ ಒಂದು ಮೇಲ್ಪಂಕ್ತಿಯೂ ಇತ್ತು. ಗ್ರೀಕರಲ್ಲಿ ವೈದ್ಯರು ಒಂದು ಸಲಕ್ಕೆ ಕೊಡುವ ಮದ್ದಿಗೆ ‘ದೋಸಿಸ್’ ಎನ್ನುತ್ತಿದ್ದರು. ಅದರ ಅರ್ಥವೂ ಕೊಡುವುದು ಎಂದೇ. ನಾವು ಇವತ್ತು ‘ಎರಡು ಡೋಸ್ ಲಸಿಕೆ’ ಎನ್ನುವಾಗ ಹೇಳುವುದು ಅದೇ ಪದವನ್ನು. ಈ ಪದ ಲ್ಯಾಟಿನ್ನಿಗೆ ಬಂತು. ಮಧ್ಯಯುಗದ ಜರ್ಮನ್ ಪಂಡಿತರು ಓದುತ್ತಿದ್ದದ್ದು ಲ್ಯಾಟಿನ್ ವೈದ್ಯಗ್ರಂಥಗಳನ್ನು. ದೋಸಿಸ್ ಅನ್ನು ತಮ್ಮ ಮಾತಿಗೆ ಪದಕ್ಕೆ ಪದ ಇಳಿಸಿದರೆ ಏನು ಸಿಗುತ್ತದೆ? ಗಿಫ್ಟ್. ಮೊದಲು ‘ಕೊಟ್ಟ ಮದ್ದು’, ಆಮೇಲೆ ‘ಕೊಟ್ಟ ಕೆಟ್ಟ ಮದ್ದು’, ಕೊನೆಗೆ ಬರೀ ವಿಷ. ಹೆಚ್ಚಿನ ವಿದ್ವಾಂಸರು ಒಪ್ಪಿರುವ ದಾರಿ ಇದು.

16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ 1538ರಲ್ಲಿ ಜರ್ಮನ್ನಿನಲ್ಲಿ ಬರೆದ ಒಂದು ಮಾತು ಇವತ್ತಿಗೂ ಔಷಧಶಾಸ್ತ್ರ ಓದುವವರಿಗೆ ಪಾಠ. ಎಲ್ಲ ವಸ್ತುವೂ ಗಿಫ್ಟ್, ಗಿಫ್ಟ್ ಇಲ್ಲದ್ದು ಯಾವುದೂ ಇಲ್ಲ; ಒಂದು ವಸ್ತು ಗಿಫ್ಟ್ ಆಗದಿರುವುದು ದೋಸಿಸ್‌ನಿಂದ ಮಾತ್ರ, ಎಂದು ಅವನು ಬರೆದ. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, ಅದೇ. ನನಗೆ ಈ ಮಾತು ಮುಖ್ಯ ಆಗುವುದು ಇನ್ನೊಂದು ಕಾರಣಕ್ಕೆ. ಮೂಲ ಪದ ದೋಸಿಸ್, ಅದರ ಜರ್ಮನ್ ರೂಪ ಗಿಫ್ಟ್, ಎರಡೂ ಒಂದೇ ಮಾತಿನಲ್ಲಿ ಎದುರುಬದುರು ನಿಂತಿವೆ. ಎರಡಕ್ಕೂ ಹುಟ್ಟಿದಾಗ ಅರ್ಥ ಕೊಡುವುದು ಎಂದೇ. ಅಷ್ಟು ಹೊತ್ತಿಗೆ ಒಂದು ವಿಷ ಆಗಿತ್ತು, ಇನ್ನೊಂದು ಅಳತೆ ಆಗಿತ್ತು.

ಇದನ್ನು ಬೇರೆ ಥರ ವಿವರಿಸಿದವರೂ ಇದ್ದಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1924ರಲ್ಲಿ ಈ ಪದದ ಮೇಲೇ ಒಂದು ಚಿಕ್ಕ ಲೇಖನ ಬರೆದರು. ಹಳೆಯ ಜರ್ಮನ್ ಜನರಲ್ಲಿ ಕೊಡುಗೆ ಎಂದರೆ ಮುಖ್ಯವಾಗಿ ಎಲ್ಲರೂ ಸೇರಿ ಕುಡಿಯುವ ಪಾನೀಯ. ಕೊಟ್ಟ ಬಟ್ಟಲಿನಲ್ಲಿ ಏನಿದೆಯೋ ಎಂಬ ಅನುಮಾನ ಯಾವಾಗಲೂ ಇರುತ್ತದೆ. ಎರಡು ಅರ್ಥ ಹತ್ತಿರ ಬರಲು ಅದು ಕಾರಣ ಎಂದರು. ಯೋಚಿಸುವಂಥ ಮಾತೇ. ಆದರೆ ಪದದ ಇತಿಹಾಸ ನೋಡುವ ನನಗೆ ದೋಸಿಸ್‌ನ ದಾರಿಯೇ ಗಟ್ಟಿ ಎನಿಸುತ್ತದೆ.

ಇಲ್ಲಿಗೆ ನಿಮ್ಮ ಪ್ರಶ್ನೆಯ ಗಂಟು ಬಿಚ್ಚಿಕೊಳ್ಳುತ್ತದೆ. ವಿಷದ ಅರ್ಥ ಹುಟ್ಟಿದ್ದು ಜರ್ಮನಿಯಲ್ಲಿ. ಸ್ವೀಡನ್ನಿಗೆ ಅದು ಹಡಗಿನಲ್ಲಿ ಬಂತು ಎಂದರೆ ತಪ್ಪಲ್ಲ. ಮಧ್ಯಯುಗದಲ್ಲಿ ಹನ್ಸಾ ಎಂಬ ವರ್ತಕರ ಕೂಟ ಬಾಲ್ಟಿಕ್ ಸಮುದ್ರದ ವ್ಯಾಪಾರವನ್ನೆಲ್ಲ ಹಿಡಿದಿತ್ತು. ಲ್ಯೂಬೆಕ್ ಅವರ ದೊಡ್ಡ ಊರು. ಸ್ಟಾಕ್‌ಹೋಮ್, ವಿಸ್ಬಿ, ಬರ್ಗನ್ ಎಲ್ಲ ಕಡೆ ಅವರ ಮನೆಗಳಿದ್ದವು. ಅವರಾಡುತ್ತಿದ್ದ ಉತ್ತರ ಜರ್ಮನಿಯ ಮಾತಿನಿಂದ ರಾಶಿ ರಾಶಿ ಪದ ಸ್ವೀಡಿಷ್‌ಗೆ ಬಂದವು. ‘ಹಣ ಪಾವತಿ ಮಾಡು’ ಎನ್ನುವ ಬೆತಾಲಾ ಹಾಗೆ ಬಂದದ್ದು. ವಿಷ ಎಂಬ ಅರ್ಥದ ಗಿಫ್ಟ್ ಕೂಡ ಹಾಗೇ ಬಂತು. ಅದು ಬರುವ ಮೊದಲೇ, ಎಷ್ಟೋ ಶತಮಾನದಿಂದ, ಮದುವೆಯ ಗಿಫ್ಟ್ ಅಲ್ಲಿತ್ತು. ಮನೆಯಲ್ಲಿ ಹುಟ್ಟಿದ್ದು ಒಂದು, ಹೊರಗಿನಿಂದ ಬಂದು ಸೇರಿದ್ದು ಇನ್ನೊಂದು. ಕಾಗುಣಿತ, ಉಚ್ಚಾರ ಎರಡೂ ಹೊಂದಿಕೊಂಡವು, ಅಷ್ಟೇ.

ಹಾಗಾದರೆ ಮೊದಲು ವಿಷಕ್ಕೆ ಅವರು ಏನನ್ನುತ್ತಿದ್ದರು? ‘ಎಯ್ತ್ರ್’. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ವಿಷ ಎಂದರೆ ಎಯ್ತುರ್. ಆ ದ್ವೀಪದ ಮಾತು ಹೊರಗಿನವರ ಪದಗಳನ್ನು ಅಷ್ಟಾಗಿ ಒಳಗೆ ಬಿಟ್ಟುಕೊಂಡಿಲ್ಲ. ಸ್ವೀಡಿಷ್‌ನಲ್ಲಿ ಹಾವಿನ ವಿಷಕ್ಕೆ ಎತ್ತೆರ್ ಎಂಬ ಹಳೆಯ ಪದ ಇನ್ನೂ ಇದೆ. ಜರ್ಮನ್ನಿನಲ್ಲಿ ಅದೇ ಪದ ಐಟರ್ ಆಗಿ, ಗಾಯದ ಕೀವು ಎಂಬ ಅರ್ಥಕ್ಕೆ ಇಳಿದಿದೆ. ಡ್ಯಾನಿಷ್‌ನಲ್ಲಿ ಜೇಡಕ್ಕೆ ಎಡರ್‌ಕೋಪ್ ಎನ್ನುತ್ತಾರೆ. ಅದರ ಮೊದಲ ಅರ್ಧ ಈ ಹಳೆಯ ವಿಷವೇ.

ಡಚ್ಚರದು ಬೇರೆ ಜಾಣತನ. ಅವರು ಎರಡು ಅರ್ಥಕ್ಕೆ ಎರಡು ರೂಪ ಮಾಡಿಕೊಂಡರು. ಕೊನೆಯ ‘ಟ’ ಇದ್ದರೆ ಗಿಫ್ಟ್, ಅದು ದಾನ. ‘ಟ’ ಇಲ್ಲದಿದ್ದರೆ ಗಿಫ್, ಅದು ವಿಷ. ಒಂದು ಅಕ್ಷರದಲ್ಲಿ ಪ್ರಾಣ ನಿಂತಿದೆ.

ಇಂಗ್ಲಿಷಿನ ಗಿಫ್ಟ್‌ಗೂ ಒಂದು ಕಥೆ ಇದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಉಚ್ಚಾರ ‘ಯಿಫ್ಟ್’. ಮೊದಲ ಅಕ್ಷರ ಗ ಅಲ್ಲ, ಯ. ಲಂಡನ್ನಿನ ಕಡೆ 14ನೇ ಶತಮಾನದ ಬರಹಗಳಲ್ಲೂ ಯಿಫ್ಟ್ ಎಂದೇ ಕಾಣುತ್ತದೆ. ಗಕಾರ ತಂದವರು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯಿಂದ ಬಂದ ವೈಕಿಂಗರು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ಬಂದು ನೆಲೆಸಿದ ಅವರ ಬಾಯಲ್ಲಿ ಅದು ಗಟ್ಟಿಯಾದ ಗಿಫ್ಟ್. ಉಡುಗೊರೆ ಎಂಬ ಅರ್ಥವೂ ಅವರ ಜೊತೆಗೇ ಬಂತು. ನಿಧಾನವಾಗಿ ಇಡೀ ಇಂಗ್ಲೆಂಡು ಗಿಫ್ಟ್ ಎನ್ನತೊಡಗಿತು. ಈಗ ನಿಮ್ಮ ಮಗನನ್ನು ಕೇಳಿ, ಸ್ವೀಡಿಷರು ಆ ಪದವನ್ನು ಹೇಗೆ ಹೇಳುತ್ತಾರೆ ಅಂತ. ಯಿಫ್ಟ್! ಅವರಲ್ಲಿ ಇಕಾರ ಎಕಾರಗಳ ಮುಂದೆ ಗಕಾರ ಆಮೇಲೆ ಯಕಾರವಾಯಿತು. ಮಗ ಇರುವ ಊರಿನ ಹೆಸರನ್ನೇ ಅವರು ಯೋತೆಬೋರಿ ಎನ್ನುತ್ತಾರೆ. ಇಂಗ್ಲಿಷರಿಗೆ ಗಕಾರ ಕೊಟ್ಟವರ ಮೊಮ್ಮಕ್ಕಳು ತಾವೇ ಅದನ್ನು ಬಿಟ್ಟುಕೊಟ್ಟರು. ಮೇಲೆ ನಾನು ಅಕ್ಷರ ನೋಡಿ ಗಿಫ್ಟ್ ಎಂದೇ ಬರೆದಿದ್ದೇನೆ. ಅಲ್ಲಿ ಹೋದಾಗ ನೀವು ಯಿಫ್ಟ್ ಎಂದರೆ ಅವರಿಗೆ ಬೇಗ ತಿಳಿಯುತ್ತದೆ.

ಇದೆಲ್ಲ ಕೇಳಿ ಜರ್ಮನರಿಗೆ ಕೊಡುಗೆ ಎಂದರೆ ಅನುಮಾನ ಎಂದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ವಿಷಕ್ಕೆ ಪಾಯ್ಸನ್ ಎನ್ನುತ್ತಾರಲ್ಲ, ಅದರ ಮೂಲ ಲ್ಯಾಟಿನ್ನಿನ ಒಂದು ಪದ. ಅರ್ಥ ಸುಮ್ನೆ ‘ಕುಡಿಯುವಂಥದ್ದು’ ಅಂತ. ಜರ್ಮನ್ನಿನಲ್ಲಿ ಉಡುಗೊರೆಗೆ ಗೆಶೆಂಕ್ ಎನ್ನುತ್ತಾರೆ. ಅದರ ಮೂಲ ಶೆಂಕೆನ್, ಅಂದರೆ ಲೋಟಕ್ಕೆ ಬಗ್ಗಿಸಿ ಕೊಡುವುದು. ಇಂಗ್ಲಿಷಿನಲ್ಲಿ ಕುಡಿಯುವುದು ವಿಷವಾಯಿತು, ಕೊಡುವುದು ಉಡುಗೊರೆಯಾಯಿತು. ಜರ್ಮನ್ನಿನಲ್ಲಿ ಕೊಡುವುದು ವಿಷವಾಯಿತು, ಬಗ್ಗಿಸಿ ಕುಡಿಸುವುದು ಉಡುಗೊರೆಯಾಯಿತು. ಯಾವ ಜನರ ಮನಸ್ಸೂ ಇದರಿಂದ ತಿಳಿಯುವುದಿಲ್ಲ. ಪದಗಳು ಎಲ್ಲಿ ಹರಿದವು ಎಂಬುದು ಮಾತ್ರ ತಿಳಿಯುತ್ತದೆ.

ಇನ್ನು ನಿಮ್ಮ ಚೀಲಗಳು. ಗೋಥೆನ್‌ಬರ್ಗಿನ 40 ಚೀಲಗಳ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ಸ್ವೀಡನ್ನಿನಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಮದುವೆ ಊಟದ ಮನೆಯಲ್ಲಿ, ಮದುಮಕ್ಕಳ ಕೈಯಿಂದ ತೆಗೆದುಕೊಳ್ಳುವಾಗ ಯಾರೂ ತಪ್ಪು ತಿಳಿಯುವುದಿಲ್ಲ. ಸ್ಟಿಕ್ಕರ್ ಹಾಗೇ ಇದ್ದರೂ ಒಬ್ಬಿಬ್ಬರು ನಗಬಹುದು, ಅಷ್ಟೇ. ಸ್ಟಟ್‌ಗಾರ್ಟಿನ 20ರ ಮಾತು ಬೇರೆ. ಜರ್ಮನ್ನಿನಲ್ಲಿ ಗಿಫ್ಟ್ ಎಂಬುದಕ್ಕೆ ವಿಷ ಒಂದೇ ಅರ್ಥ. ಅಲ್ಲಿನ ವಯಸ್ಸಾದವರು, ಚಿಕ್ಕ ಮಕ್ಕಳು ಇಂಗ್ಲಿಷ್ ಓದದೆ ಇರಬಹುದು. ಚೀಲ ಒಂದು ವಾರದ ನಂತರ ಅಡುಗೆಮನೆಯ ಕಪಾಟಿನಲ್ಲಿ ಇರುತ್ತದೆ. ಕೊಟ್ಟವರು ಪಕ್ಕದಲ್ಲಿ ಇರುವುದಿಲ್ಲ. ಆಗ ತಿಂಡಿಯ ಪೊಟ್ಟಣದ ಮೇಲೆ ‘ವಿಷ’ ಎಂದು ಬರೆದ ಹಾಗೇ.

ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಓದುವಾಗ ಪಕ್ಕದ ಮನೆಯ ಅಜ್ಜಿಗೆ ಮನೆಯಿಂದ ತಂದ ಕೊಬ್ಬರಿ ಮಿಠಾಯಿಯನ್ನು ಬಾಗಿಲ ಮುಂದೆ ಇಟ್ಟು, ಚೀಟಿಯಲ್ಲಿ ‘ಗಿಫ್ಟ್’ ಎಂದು ಬರೆದಿದ್ದಳು. ಅಜ್ಜಿ ಅದನ್ನು ಇಲಿಗೆ ಇಟ್ಟದ್ದು ಎಂದುಕೊಂಡು ಕೈಗವಸು ಹಾಕಿ ಕಸಕ್ಕೆ ಎಸೆದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹುಡುಗಿ ಅಮ್ಮ ಮಾಡಿಕೊಟ್ಟದ್ದು ಹಾಗೆ ಹೋಯಿತಲ್ಲ ಎಂದು ತುಂಬಾ ನೊಂದುಕೊಂಡಳು.

ಹಾಗಾಗಿ ಸ್ಟಟ್‌ಗಾರ್ಟಿನ ಚೀಲಗಳ ಸ್ಟಿಕ್ಕರ್ ತೆಗೆಯಿರಿ. ಅದರ ಬದಲು ಏನು ಬರೆಯಬೇಕು ಎಂಬುದಕ್ಕೆ ಎರಡು ದಾರಿ ಇದೆ. ಅಲ್ಲಿನ ಪದವನ್ನೇ ಹಾಕಬಹುದು: ಜರ್ಮನ್ನಿನಲ್ಲಿ ಗೆಶೆಂಕ್. ಸ್ವೀಡಿಷ್‌ನಲ್ಲಿ ಪ್ರೆಸೆಂಟ್, ಇಲ್ಲವೇ ಸ್ವಲ್ಪ ಗೌರವದ ಪದ ಬೇಕಾದರೆ ಗೋವಾ. ಹೌದು, ನಮ್ಮ ಪಕ್ಕದ ರಾಜ್ಯದ ಹೆಸರಿನ ಹಾಗೇ ಕೇಳುತ್ತದೆ. ಇದರಲ್ಲಿರುವ ತೊಂದರೆ ಎಂದರೆ ಚೀಲ ಅದಲುಬದಲಾದರೆ ಅಲ್ಲಿಯದು ಇಲ್ಲಿಗೆ ಹೊಂದುವುದಿಲ್ಲ, ಕಾಗುಣಿತ ತಪ್ಪಿದರೂ ಚೆನ್ನಾಗಿರುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಎರಡೂ ಊರಿನ ಚೀಲದ ಮೇಲೆ ಕನ್ನಡದಲ್ಲೇ ‘ಪ್ರೀತಿಯಿಂದ’ ಎಂದು ಬರೆದು, ಕೆಳಗೆ ಮಗ ಸೊಸೆಯ ಹೆಸರನ್ನು ಅವರು ಓದುವ ಲಿಪಿಯಲ್ಲಿ ಹಾಕುತ್ತಿದ್ದೆ. ಅರ್ಥವಾಗದ ಲಿಪಿಯನ್ನು ತಪ್ಪಾಗಿ ಓದಲು ಆಗುವುದಿಲ್ಲ. ಎಲ್ಲರೂ ಇದೇನೆಂದು ಕೇಳುತ್ತಾರೆ, ಮಗನಿಗೆ ಹೇಳಲು ಒಂದು ಮಾತು ಸಿಗುತ್ತದೆ.

ಕುಂಕುಮದ ಪೊಟ್ಟಣಕ್ಕೆ ಮಾತ್ರ ಎರಡೂ ಊರಿನಲ್ಲಿ ಸ್ಟಿಕ್ಕರ್ ಬೇಡವೇ ಬೇಡ. ಕೆಂಪು ಪುಡಿ, ಹೆಸರು ಗೊತ್ತಿಲ್ಲ, ಮೇಲೆ ಗಿಫ್ಟ್ ಎಂದು ಬರೆದಿದೆ. ಇದನ್ನು ನೋಡಿ ಯಾರಾದರೂ ಗಾಬರಿಯಾದರೆ ಅವರ ತಪ್ಪಲ್ಲ. ಅದರ ಮೇಲೆ ಇದು ಹಣೆಗೆ ಇಡುವ ಪುಡಿ, ತಿನ್ನಬಾರದು ಎಂದು ಅವರ ಭಾಷೆಯಲ್ಲಿ ಮಗನಿಂದ ಬರೆಸಿ. ಅಂಚೆಯಲ್ಲಿ ಕಳಿಸುವಾಗ ಕಸ್ಟಮ್ಸ್ ಚೀಟಿಯಲ್ಲಿ ಗಿಫ್ಟ್ ಎಂಬ ಚೌಕ ಇರುತ್ತದೆ. ಅಲ್ಲಿ ಧೈರ್ಯವಾಗಿ ಗುರುತು ಹಾಕಿ. ಅದು ಎಲ್ಲ ದೇಶದವರೂ ಬಳಸುವ ಚೀಟಿ, ಉಡುಗೊರೆ ಎಂಬ ಅರ್ಥ ಅವರಿಗೆ ಗೊತ್ತು.

ಸೊಸೆಗೆ ಒಂದು ಮಾತು ಹೇಳಿ. ಅವಳು ಹೊಸಬಳು, ಅಂಗಡಿಯಲ್ಲಿ ಇಂಗ್ಲಿಷ್ ಕಣ್ಣಿನಿಂದಲೇ ಓದುತ್ತಾಳೆ. ಸ್ವೀಡನ್ನಿನಲ್ಲಿ ಆಟಿಕೆಯ ಮೇಲೋ ಸೋಪಿನ ಮೇಲೋ ‘ಗಿಫ್ಟ್‌ಫ್ರೀ’ ಎಂದು ಇದ್ದರೆ ಜೊತೆಗೆ ಉಡುಗೊರೆ ಉಚಿತ ಎಂದಲ್ಲ, ವಿಷವಿಲ್ಲ ಎಂದು. ‘ಗಿಫ್ಟಿಗ್’ ಎಂದು ಇದ್ದರೆ ಅದು ವಿಷಕಾರಿ, ಜರ್ಮನ್ನಿನಲ್ಲೂ ಅದೇ. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ಸರ್ಕಾರಿ ಅರ್ಜಿಯಲ್ಲಿ ಗಿಫ್ಟ್ ಪಕ್ಕದಲ್ಲಿ ‘ಊಗಿಫ್ಟ್’ ಎಂದು ಇದ್ದರೆ ಅದು ಮದುವೆಯಾಗದವರಿಗೆ. ಆಕಸ್ಮಾತ್ ಯಾರಾದರೂ ಏನಾದರೂ ನುಂಗಿದರೆ 112ಕ್ಕೆ ಕರೆ ಮಾಡಲಿ. ಎರಡೂ ದೇಶದಲ್ಲಿ ಅದೇ ನಂಬರು.

ಈಗ ಅತ್ತೆಯವರಿಗೆ ಹೇಳಬೇಕಾದ ಮಾತು. ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೆಯ ಭಾಷೆಯಲ್ಲಿ ಇದೇ ಬೇರಿನಿಂದ ‘ಗಿಪ್ತಾ’ ಎಂಬ ಪದವೂ ಹುಟ್ಟಿತು. ದೇವರು ಕೊಟ್ಟದ್ದು, ವಿಧಿ ಕೊಟ್ಟದ್ದು ಎಂಬ ಭಾವದಲ್ಲಿ ಅದಕ್ಕೆ ಒಳ್ಳೆಯ ಅದೃಷ್ಟ ಎಂದರ್ಥ. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಗಿಫ್ತಾ ಎಂದರೆ ಭಾಗ್ಯ. ನೀವು ಮದುವೆಯ ಲಗ್ನಪತ್ರಿಕೆಯಲ್ಲಿ ಹುಡುಗಿಯ ಹೆಸರಿನ ಮುಂದೆ ‘ಚಿ. ಸೌ.’ ಎಂದು ಹಾಕಿಸಿದ್ದಿರಲ್ಲ, ಆ ಸೌಭಾಗ್ಯವೇ. ಅಲ್ಲಿನ ಸರ್ಕಾರ ನಿಮ್ಮ ಮೊಮ್ಮಗನ ಹೆಸರಿನ ಕೆಳಗೆ ಬರೆದದ್ದು ಆ ಭಾಗ್ಯದ ಒಡಹುಟ್ಟಿದ ಪದವನ್ನು ಎಂದು ಹೇಳಿ. ಮಧ್ಯಾಹ್ನದ ಊಟಕ್ಕೆ ಮೊದಲೇ ಹೇಳಿ.